ಹಂದಿ ಬಂದರೆ ತಾನೇ ಕೂಗುವ ಹಾರ್ನ್

ರಾಗಿ ಹಾಲುಗಾಳಾಗುವ ಹೊತ್ತಿಗೆ ನಮ್ಮ ಅರಸೀಕೆರೆ ಸೀಮೆಯ ಹೊಲಗಳಲ್ಲಿ ಅಟ್ಟಣೆ ಏಳುತ್ತವೆ. ಹಳೇಬೀಡಿನ ಕಡೆ ಆಲೂಗಡ್ಡೆಯವರದೂ ಇದೇ ಪಾಡು. ರಾತ್ರಿಯೆಲ್ಲ ಡಬ್ಬ ಬಡಿದು ಬೆಳಗಿನ ಜಾವ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಅಷ್ಟರಲ್ಲೇ ಹಂದಿಗಳು ಹೊಲ ಉತ್ತು ಹೋಗಿರುತ್ತವೆ. ಹಿರೇಕಲ್ ಗುಡ್ಡದ ಸುತ್ತ ಕರಡಿ, ಚಿರತೆ ಬೇರೆ. ಬೇಸತ್ತ ಕೆಲವರು ಬೇಲಿ ತಂತಿಗೆ ಲೈನಿನ ಕರೆಂಟನ್ನೇ ಕೊಟ್ಟುಬಿಡುತ್ತಾರೆ. ಅದು ಕಾನೂನಿಗೆ ವಿರುದ್ಧ ಅನ್ನೋದು ಹಾಗಿರಲಿ, ಬೆಳಿಗ್ಗೆ ಹಸು ಹುಡುಕಿಕೊಂಡು ಬರುವ ಪಕ್ಕದ ಹೊಲದವನೂ ಅದೇ ತಂತಿ ಮುಟ್ಟುತ್ತಾನೆ.

ನಾನು ಮಾಡಿಕೊಂಡಿರುವುದು 12 ವೋಲ್ಟ್ ಬ್ಯಾಟರಿಯದು. ಯಾರ ಜೀವಕ್ಕೂ ಅಪಾಯವಿಲ್ಲ. ಓದಿದ್ದು ಏಳನೇ ಕ್ಲಾಸು. ನನ್ನ ಕೈಲಿ ಆಗಿದ್ದು ನಿಮಗೂ ಆಗುತ್ತೆ.

ಬೇಕಾದದ್ದು ಇಷ್ಟು: ಎಚ್.ಸಿ.-ಎಸ್.ಆರ್. 501 ಎಂಬ ಪಿ.ಐ.ಆರ್. ಸೆನ್ಸರ್, ಬಿ.ಸಿ. 547 ಟ್ರಾನ್ಸಿಸ್ಟರ್, 1 ಕಿಲೋ ಓಮ್ ರೆಸಿಸ್ಟರ್, 1ಎನ್ 4007 ಡಯೋಡ್, 12 ವೋಲ್ಟಿನ ಚಿಕ್ಕ ರಿಲೇ, 5 ಆಂಪಿಯರ್ ಫ್ಯೂಸ್, ಬೈಕಿನ ಹಾರ್ನ್.

ಬಿಸಿ ಮೈಯಿಂದ ಕಣ್ಣಿಗೆ ಕಾಣದ ಶಾಖದ ಕಿರಣ ಹೊರಡುತ್ತದೆ. ಅದು ಎದುರಿಗೆ ಅತ್ತಿತ್ತ ಸರಿದಾಗ ಸೆನ್ಸರಿನ ಔಟ್‌ಪುಟ್‌ನಲ್ಲಿ 3.3 ವೋಲ್ಟ್ ಬರುತ್ತದೆ. ಇದು ಹಾರ್ನ್ ಕೂಗಿಸುವ ಶಕ್ತಿಯಲ್ಲ. ಇಲ್ಲಿ ಟ್ರಾನ್ಸಿಸ್ಟರ್ ಬರುತ್ತದೆ. (ನಮ್ಮ ಕಾಲದಲ್ಲಿ ಟ್ರಾನ್ಸಿಸ್ಟರ್ ಅಂದರೆ ರೇಡಿಯೋನೇ!) ಹಳೇಬೀಡಿನ ದೋರಸಮುದ್ರದಂಥ ಕೆರೆಯ ತೂಬು ನೆನೆಸಿಕೊಳ್ಳಿ. ತೂಬು ಎತ್ತಲು ಒಬ್ಬ ಆಳು ಸಾಕು, ಹರಿಯುವುದು ಕೆರೆ ನೀರು. ಹಾಗೆಯೇ ಬೇಸ್ ಎಂಬ ಕಾಲಿಗೆ ಒಂದೆರಡು ಮಿಲಿ ಆಂಪಿಯರ್ ಕೊಟ್ಟರೆ ಕಲೆಕ್ಟರ್‌ನಿಂದ ಎಮಿಟರ್‌ಗೆ ರಿಲೇ ಎಳೆಯುವಷ್ಟು, ಅಂದರೆ 30 ಮಿಲಿ ಆಂಪಿಯರ್ ಹರಿಯುತ್ತದೆ. ರಿಲೇ ಅಂದರೆ ಮೋಟಾರ್ ಸ್ಟಾರ್ಟರಿನ ಕಾಯಿಲ್ ಇದ್ದ ಹಾಗೆ. ಅದು ಎಳೆದಾಗ ಹಾರ್ನಿನ ದಾರಿ ಕೂಡುತ್ತದೆ.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಸೆನ್ಸರಿನ ನಡುವಿನ ಕಡ್ಡಿ ಔಟ್‌ಪುಟ್; ಅದರಿಂದ ರೆಸಿಸ್ಟರ್ ಮೂಲಕ ಬೇಸ್‌ಗೆ ಬೆಸುಗೆ ಹಾಕಿ. ಎಮಿಟರ್ ಬ್ಯಾಟರಿ ಮೈನಸ್‌ಗೆ. ಕಲೆಕ್ಟರ್ ರಿಲೇ ಕಾಯಿಲಿನ ಒಂದು ತುದಿಗೆ, ಕಾಯಿಲಿನ ಇನ್ನೊಂದು ತುದಿ ಪ್ಲಸ್‌ಗೆ. ಸೆನ್ಸರಿನ ಪ್ಲಸ್, ಮೈನಸ್ಸೂ ಬ್ಯಾಟರಿಗೆ. ಕಡ್ಡಿಗಳ ಗುರುತು ಬಿಳಿ ಟೋಪಿಯ ಅಡಿಯಲ್ಲಿರುತ್ತದೆ, ತೆಗೆದು ನೋಡಿ. ಹಾರ್ನಿನ ಪ್ಲಸ್ ವೈರು ಫ್ಯೂಸ್ ದಾಟಿ, ರಿಲೇಯ ಕಾಮನ್ ಮತ್ತು ಎನ್.ಓ. ಕಾಲುಗಳ ಮೂಲಕ ಹೋಗಲಿ.

ಡಯೋಡನ್ನು ಕಾಯಿಲಿನ ಎರಡು ತುದಿಗೆ ಅಡ್ಡಲಾಗಿ ಹಾಕಬೇಕು, ಬಿಳಿ ಪಟ್ಟಿ ಪ್ಲಸ್ ಕಡೆಗೆ. ಮೊದಲ ಸಲ ನಾನು ಇದ್ಯಾಕೆ ಅಂತ ಬಿಟ್ಟೆ. ಆರೇಳು ಸಲ ಕೂಗಿ ಟ್ರಾನ್ಸಿಸ್ಟರ್ ಸತ್ತಿತು. ಕರೆಂಟು ತಟ್ಟನೆ ನಿಂತಾಗ ಕಾಯಿಲು ತಿರುಗಿ ಒದೆಯುತ್ತದೆ. ಆ ಒದೆತ ತಡೆಯುವುದು ಡಯೋಡು. ಇನ್ನೊಂದು ತೊಂದರೆ, ಹಾರ್ನ್ ನಿಂತ ಮೇಲೆ ಹಂದಿ ಇಲ್ಲದಿದ್ದರೂ ಮತ್ತೆ ಮತ್ತೆ ಕೂಗುತ್ತಿತ್ತು. ಸೆನ್ಸರಿನ ಸಣ್ಣ ವೈರಿನಿಂದಲೇ ಹಾರ್ನಿಗೂ ಕವಲು ತೆಗೆದಿದ್ದೆ. ನೇರ ಬ್ಯಾಟರಿಯಿಂದ ಬೇರೆ ದಪ್ಪ ವೈರು ಎಳೆದ ಮೇಲೆ ಸರಿಯಾಯಿತು.

ಸೆನ್ಸರಿಗೆ ಎಟುಕುವುದು ಹೆಚ್ಚೆಂದರೆ 7 ಮೀಟರ್. ಹೊಲವನ್ನೆಲ್ಲ ಕಾಯುತ್ತೆ ಅಂದುಕೊಳ್ಳಬೇಡಿ. ಹಂದಿ ನುಗ್ಗುವ ಕಿಂಡಿ ನೋಡಿ, ಎರಡಡಿ ಎತ್ತರದಲ್ಲಿ, ಹಂದಿ ಅಡ್ಡ ಹಾಯುವಂತೆ ಕಟ್ಟಿ; ನೇರ ಎದುರು ಬಂದರೆ ಅದಕ್ಕೆ ಸರಿಯಾಗಿ ಕಾಣದು. ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಬೇಡ. ಬ್ಯಾಟರಿ ಕೊಟ್ಟ ಮೇಲೆ ಒಂದು ನಿಮಿಷ ಸುಮ್ಮನೆ ಕೂಗಬಹುದು, ಗಾಬರಿ ಬೇಡ. ಎರಡು ತಿರುಪುಗಳಲ್ಲಿ ಒಂದು ದೂರಕ್ಕೆ, ಒಂದು ಹೊತ್ತಿಗೆ. ಕೂಗುವ ಹೊತ್ತು ಹತ್ತು ಸೆಕೆಂಡ್ ಸಾಕು. ಸುಮ್ಮನಿದ್ದಾಗ ಸೆನ್ಸರ್ ಒಂದು ಮಿಲಿ ಆಂಪಿಯರ್ ಕೂಡ ತಿನ್ನುವುದಿಲ್ಲ, ಬ್ಯಾಟರಿ ಮುಗಿಸುವುದು ಹಾರ್ನೇ.

ನಾಯಿ ಹಾಯ್ದರೂ ಕೂಗುತ್ತದೆ, ನೀವು ಹಾಯ್ದರೂ ಕೂಗುತ್ತದೆ. ಬೇಲೂರು ಕಡೆಯವರು ಇದನ್ನು ಆನೆಗೆ ನಂಬಬೇಡಿ. ಆನೆ 7 ಮೀಟರಿಗೆ ಬಂದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಅಲ್ಲಿ ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸುವುದೇ ದಾರಿ. ಹಂದಿಯೂ ದಡ್ಡನಲ್ಲ. ನಮ್ಮ ಹೊಲದಲ್ಲಿ ಎಂಟು ದಿನಕ್ಕೆ ಹಾರ್ನಿನ ಭಯ ಬಿಟ್ಟಿತು. ಆಮೇಲೆ ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ, ಒಮ್ಮೆ ಹಾರ್ನ್, ಒಮ್ಮೆ 12 ವೋಲ್ಟಿನ ಎಲ್‌ಇಡಿ ಬಲ್ಬು ಅಂತ ಹಾಕುತ್ತಾ ರಾಗಿ ಕೊಯ್ಲು ಮುಗಿಸಿದೆವು.