ಫೋಟೋ ನಿಜ, ಜೊತೆಗಿದ್ದ ಸುದ್ದಿ ಸುಳ್ಳು

ಈಚೆಗೆ ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ ಒಂದು ಫೋಟೋದ ಬಗ್ಗೆ ಚರ್ಚೆ ಎದ್ದಿತು. ಮೊಬೈಲ್ ಕೈಯಿಂದ ಕೈಗೆ ಹೋಯಿತು. ಜೌಗು ನೀರಿನಲ್ಲಿ ದಪ್ಪ ಹೆಬ್ಬಾವೊಂದು ಸತ್ತು ಬಿದ್ದಿದೆ. ಅದರ ಹೊಟ್ಟೆ ಒಡೆದಿದೆ. ಒಡೆದ ಜಾಗದಿಂದ ಮೊಸಳೆಯಂಥ ಪ್ರಾಣಿಯ ಬಾಲ, ಹಿಂಗಾಲು ಹೊರಗೆ ಚಾಚಿವೆ. ಹಾವಿಗೆ ತಲೆಯೇ ಇಲ್ಲ. ಕೆಳಗೆ ಕನ್ನಡದಲ್ಲಿ ಒಕ್ಕಣೆ: ಘಟ್ಟದ ಕೆಳಗಿನ ಹೊಳೆಯಲ್ಲಿ ಕಂಡದ್ದು, ಮಕ್ಕಳನ್ನು ಹೊರಗೆ ಬಿಡಬೇಡಿ, ಎಲ್ಲರಿಗೂ ಕಳಿಸಿ.

"ಇದೆಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು ಕಾಕ. ತಲೆಯಿಲ್ಲದ ಹಾವು ಎಲ್ಲಾದರೂ ಉಂಟಾ?" ಎಂದ ಕಾಲೇಜಿಗೆ ಹೋಗುವ ಹುಡುಗ. "ನಿನಗೇನು ಗೊತ್ತು ಮೋನು, ಇದಕ್ಕಿಂತ ದೊಡ್ಡದನ್ನು ನಮ್ಮ ಉಪ್ಪ ಘಟ್ಟದಲ್ಲಿ ಕಂಡಿದ್ದರು" ಎಂದರು ಹಿರಿಯರೊಬ್ಬರು. ಇಬ್ಬರೂ ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ಕೆಲವರು ಅಷ್ಟರಲ್ಲೇ ಅದನ್ನು ಮನೆಯವರ ಗುಂಪಿಗೆ ಕಳಿಸಿಯೂ ಆಗಿತ್ತು. ಮರುದಿನ ತೋಟದ ದಾರಿಯಾಗಿ ಮದ್ರಸಕ್ಕೆ ಬರುವ ಮಕ್ಕಳು ಬರಲಿಲ್ಲ. ಅದೇ ವಾರ ಒಂದು ಮನೆಯ ಕೋಳಿಗೂಡಿನ ಬಳಿ ಹೆಬ್ಬಾವು ಕಂಡಾಗ ನಾಲ್ಕೈದು ಯುವಕರು ದೊಣ್ಣೆ ಹಿಡಿದು ನಿಂತರು. ಆಗ ನಾವು ಆ ಫೋಟೋದ ಮೂಲ ಹುಡುಕಲು ಕುಳಿತೆವು. ಮೊದಲೇ ಮಾಡಬೇಕಿದ್ದ ಕೆಲಸ.

ಹುಡುಕುವುದು ಕಷ್ಟವೇನಲ್ಲ. ಮೊಬೈಲ್‌ನ ಗೂಗಲ್ ಲೆನ್ಸ್‌ಗೆ ಆ ಚಿತ್ರ ಕೊಟ್ಟರೆ ಅದು ಹಿಂದೆ ಎಲ್ಲೆಲ್ಲಿ ಬಂದಿತ್ತು ಎಂಬುದು ತೆರೆದುಕೊಳ್ಳುತ್ತದೆ. ಈ ಫೋಟೋ 2005ರ ಸೆಪ್ಟೆಂಬರ್ ತಿಂಗಳಿನದು. ಸ್ಥಳ ಅಮೆರಿಕದ ಫ್ಲೋರಿಡಾ ರಾಜ್ಯದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನ. ತೆಗೆದವರು ಒಬ್ಬ ಹೆಲಿಕಾಪ್ಟರ್ ಪೈಲಟ್. ಹಾವು ಸುಮಾರು 13 ಅಡಿಯ ಬರ್ಮಾ ಹೆಬ್ಬಾವು, ಅದು ನುಂಗಿದ್ದು ಸುಮಾರು 6 ಅಡಿಯ ಅಲಿಗೇಟರ್. ಚಿತ್ರ ಪತ್ರಿಕೆಗಳಲ್ಲಿ ಬಂದಾಗ ಅಲ್ಲಿಯೂ ಬಹಳ ಮಂದಿ ಇದು ಕೃತಕ ಎಂದೇ ವಾದಿಸಿದರು. ಆದರೆ ಸತ್ತ ಹಾವು ಕೈಗೆ ಸಿಕ್ಕಿತ್ತು, ಫ್ಲೋರಿಡಾ ವಿಶ್ವವಿದ್ಯಾಲಯದ ವನ್ಯಜೀವಿ ತಜ್ಞ ಫ್ರಾಂಕ್ ಮಝೋಟಿ ಆ ಬಗ್ಗೆ ಪತ್ರಿಕೆಗಳಿಗೆ ವಿವರಿಸಿದ್ದರು. ಹೊಟ್ಟೆ ಒಡೆದದ್ದು ಹೇಗೆ, ತಲೆ ಹೋದದ್ದು ಹೇಗೆ ಎಂಬುದರಲ್ಲಿ ಮಾತ್ರ ಬೇರೆ ಬೇರೆ ಅಭಿಪ್ರಾಯಗಳಿದ್ದವು.

ಅಂದರೆ ಜಗಲಿಯಲ್ಲಿ ಇಬ್ಬರೂ ಸೋತರು. ಹುಡುಗ ಸುಳ್ಳೆಂದ ಫೋಟೋ ನಿಜ. ಹಿರಿಯರು ನಂಬಿದ ಊರಿನ ಹೆಸರು ಸುಳ್ಳು. ಒಕ್ಕಣೆ ಬರೆದವನು ಒಂದು ಕಡೆ ಸಿಕ್ಕಿಬಿದ್ದಿದ್ದ, ನಮಗೆ ಗೊತ್ತಾಗಲಿಲ್ಲ ಅಷ್ಟೇ. ಭಾರತದ ಹೊಳೆಗಳಲ್ಲಿ ಮಗ್ಗರ್ ಮೊಸಳೆ ಇದೆ, ಘರಿಯಾಲ್ ಇದೆ, ಕೆಲವೆಡೆ ಉಪ್ಪುನೀರಿನ ಮೊಸಳೆ ಇದೆ. ಅಲಿಗೇಟರ್ ಇಲ್ಲ.

ಫ್ಲೋರಿಡಾಕ್ಕೂ ಬರ್ಮಾ ಹೆಬ್ಬಾವು ಹೊರಗಿನದೇ. ಅದರ ತವರು ನಮ್ಮ ಏಷ್ಯಾ. ಮನೆಯಲ್ಲಿ ಸಾಕಲೆಂದು ತರಿಸಿಕೊಂಡವರು ಹಾವು ಬೆಳೆದ ಮೇಲೆ ಬಿಟ್ಟುಬಿಟ್ಟರು, ಕೆಲವು ತಪ್ಪಿಸಿಕೊಂಡವು. ಅಲ್ಲಿ ಅವುಗಳ ಸಂತತಿ ಹೆಚ್ಚಿ ಮೊಲ, ರಕೂನ್‌ಗಳಂಥ ಪ್ರಾಣಿಗಳು ಕಡಿಮೆಯಾದವು. 2012ರಲ್ಲಿ ಅಮೆರಿಕ ಸರಕಾರ ಈ ಹಾವಿನ ಆಮದನ್ನು ನಿಷೇಧಿಸಿತು.

ಎಲ್ಲ ಫೋಟೋಗಳೂ ಇಷ್ಟು ಪ್ರಾಮಾಣಿಕವಲ್ಲ. 2013ರಲ್ಲಿ ಹೊಟ್ಟೆ ಉಬ್ಬಿದ ಹೆಬ್ಬಾವಿನ ಒಂದು ಚಿತ್ರ ಹರಿದಾಡಿದ್ದು ಹಲವರಿಗೆ ನೆನಪಿರಬಹುದು. ಕೇರಳದ ಅಟ್ಟಪ್ಪಾಡಿಯಲ್ಲಿ ಮದ್ಯದಂಗಡಿಯ ಪಕ್ಕ ಮಲಗಿದ್ದವನನ್ನು ಅದು ನುಂಗಿತು ಎಂಬ ಕಥೆ ಜೊತೆಗಿತ್ತು. ಅದೇ ಚಿತ್ರ ಬೇರೆ ದೇಶಗಳ ಹೆಸರಿನಲ್ಲಿ ಮೊದಲೇ ಸುತ್ತಾಡಿತ್ತು! ಕುಡಿತದ ವಿರುದ್ಧ ಒಳ್ಳೆಯ ಪಾಠವಾಗುತ್ತದೆ ಎಂದು ನಮ್ಮವರೂ ಅದನ್ನು ಹಂಚಿದ್ದರು. ಪಾಠಕ್ಕಾಗಿ ಸುಳ್ಳು ಹೇಳುವುದು ನಮಗೆ ಒಪ್ಪಿಗೆಯಿಲ್ಲ. ಹಾಗೆಂದು ಹೆಬ್ಬಾವು ಮನುಷ್ಯನನ್ನು ನುಂಗಿದ ಸುದ್ದಿಯೆಲ್ಲ ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. 2017ರ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಸುಲವೇಸಿ ದ್ವೀಪದಲ್ಲಿ ಸುಮಾರು 7 ಮೀಟರ್ ಉದ್ದದ ಹಾವಿನ ಹೊಟ್ಟೆಯಲ್ಲಿ ತೋಟಕ್ಕೆ ಹೋಗಿದ್ದ ಯುವಕನ ಶವ ಸಿಕ್ಕಿತ್ತು. ಅದು ನಮ್ಮಲ್ಲಿಲ್ಲದ ಬಲೆಚಿತ್ತಾರದ ಹೆಬ್ಬಾವು, ಜಗತ್ತಿನ ಹಾವುಗಳಲ್ಲೇ ಉದ್ದದ ಜಾತಿ.

ಉದ್ದದ ವಿಷಯದಲ್ಲಿ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. 2003ರ ಕೊನೆಗೆ ಜಾವಾದಲ್ಲಿ ಪ್ರದರ್ಶನಕ್ಕಿಟ್ಟ ಹಾವು 14.85 ಮೀಟರ್ ಇದೆಯೆಂದು ಲೋಕವೆಲ್ಲ ಸುದ್ದಿಯಾಯಿತು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ವರದಿಗಾರ ಟೇಪು ಹಿಡಿದು ಹೋದರು, ಅಳತೆ 7 ಮೀಟರ್ ದಾಟಲಿಲ್ಲ. ನ್ಯೂಯಾರ್ಕಿನ ಪ್ರಾಣಿಸಂಗ್ರಹಾಲಯದವರು 30 ಅಡಿ ಮೀರಿದ ಜೀವಂತ ಹಾವು ತಂದವರಿಗೆ ಬಹುಮಾನ ಘೋಷಿಸಿದ್ದರು. ಮೊತ್ತ 50 ಸಾವಿರ ಡಾಲರ್‌ಗೆ ಏರಿದರೂ ದಶಕಗಳ ಕಾಲ ಅದನ್ನು ಗೆದ್ದವರಿಲ್ಲ. ಆದ್ದರಿಂದ 50 ಅಡಿ, 100 ಅಡಿ ಎಂದು ಬರೆದಿದ್ದರೆ ಅಲ್ಲೇ ಅನುಮಾನ ಪಡಬಹುದು.

ಫೋಟೋದಲ್ಲಿ ಹಾವನ್ನು ಕೋಲಿನ ತುದಿಯಲ್ಲಿ ಕ್ಯಾಮೆರಾದ ಹತ್ತಿರ ಚಾಚಿ, ಮನುಷ್ಯ ನಾಲ್ಕು ಹೆಜ್ಜೆ ಹಿಂದೆ ನಿಂತರೆ ಸಾಧಾರಣ ಹಾವೂ ರಾಕ್ಷಸನಂತೆ ಕಾಣುತ್ತದೆ. ಯಾವ ಕೈ ಹಾವನ್ನು ಮುಟ್ಟಿದೆ, ಆ ಕೈ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನೋಡಬೇಕು. ಸುಲಿದ ಚರ್ಮದ ಅಳತೆಯನ್ನಂತೂ ನಂಬುವಂತಿಲ್ಲ, ಎಳೆದರೆ ಹಿಗ್ಗುತ್ತದೆ. ಈಗ ಕೃತಕ ಬುದ್ಧಿಮತ್ತೆಯ ಚಿತ್ರಗಳೂ ಬರುತ್ತಿವೆ. ಅವುಗಳಲ್ಲಿ ಹಾವಿನ ಒಂದು ಸುರುಳಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿದರೆ ಹಲವು ಸಲ ಲೆಕ್ಕ ತಪ್ಪುತ್ತದೆ. ಆದರೆ ಆ ಗುರುತೂ ದಿನೇ ದಿನೇ ಮಾಸುತ್ತಿದೆ. ಯಾರು ತೆಗೆದದ್ದು, ಎಲ್ಲಿ, ಯಾವಾಗ ಎಂದು ಕೇಳುವುದೇ ಹೆಚ್ಚು ಗಟ್ಟಿ.

ಕೋಳಿಗೂಡಿನ ಹೆಬ್ಬಾವಿನ ಮಾತು ಉಳಿಯಿತು. ನಮ್ಮ ಕಡೆಯದು ಭಾರತೀಯ ಹೆಬ್ಬಾವು. ಅದಕ್ಕೆ ವಿಷವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಕೊಂದರೆ ಜೈಲು. ಇಲಿ, ಹೆಗ್ಗಣ ಹಿಡಿದು ತೋಟಕ್ಕೆ ಉಪಕಾರವನ್ನೇ ಮಾಡುತ್ತದೆ, ಕೋಳಿ ಸಿಕ್ಕರೆ ಬಿಡುವುದಿಲ್ಲ ಎಂಬುದೂ ನಿಜ. ಆ ದಿನ ಮನೆಯ ಅಜ್ಜಿ ದೊಣ್ಣೆ ಹಿಡಿದವರನ್ನು ಗದರಿ ನಿಲ್ಲಿಸಿದರು, ಅರಣ್ಯ ಇಲಾಖೆಯವರು ಬಂದು ಚೀಲದಲ್ಲಿ ಒಯ್ದರು. ಅಳೆದಾಗ ಎಂಟು ಅಡಿ. ಸಂಜೆಯ ಹೊತ್ತಿಗೆ ಅದರ ಫೋಟೋ ಗುಂಪಿಗೆ ಬಂತು, ಕೆಳಗೆ ಹದಿನೆಂಟು ಅಡಿ ಎಂದಿತ್ತು. ಮದ್ರಸದ ಮಕ್ಕಳೇ ಅದನ್ನು ತಿದ್ದಿ ಬರೆದರು.