ಮೌನವನ್ನು ಕೇಳಿಸಿ ಮಾರಿರಿ

ಮೈಕಿನಿಂದ ಬರುವ ವಿದ್ಯುತ್ ಸಂಕೇತ ಬಹಳ ಕ್ಷೀಣವಾದುದು. ಅದನ್ನು ಧ್ವನಿಮುದ್ರಣಕ್ಕೆ ತಕ್ಕಷ್ಟು ವರ್ಧಿಸುವ ಸಾಧನವೇ ಪ್ರಿಆಂಪ್. 60 ಡೆಸಿಬೆಲ್ ವರ್ಧನೆಯೆಂದರೆ ವೋಲ್ಟೇಜು ಸಾವಿರ ಮಡಿ. ಇಂಗ್ಲೆಂಡಿನ ನೀವ್ ಸಂಸ್ಥೆ 1970ರಲ್ಲಿ ಸ್ಟುಡಿಯೋಗಳ ಮಿಶ್ರಣ ಮೇಜಿಗೆಂದು ರಚಿಸಿದ 1073 ಮಾಡ್ಯೂಲು ಇಂಥದು. ಹಳೆಯ ಮೇಜುಗಳನ್ನು ಬಿಚ್ಚಿದಾಗ ಬಿಡಿಯಾಗಿ ಮಾರಾಟವಾದ ಮಾಡ್ಯೂಲುಗಳು ಮನೆಯ ಸ್ಟುಡಿಯೋಗಳನ್ನೂ ಸೇರಿವೆ.

ಇದನ್ನು ಮಾರುವವರು ಎರಡು ಮಾತನ್ನು ಮುಚ್ಚಿಡಬಾರದು. ಒಂಟಿ ಮಾಡ್ಯೂಲು ತಾನಾಗಿ ನಡೆಯದು. 24 ವೋಲ್ಟಿನ ಪ್ರತ್ಯೇಕ ವಿದ್ಯುತ್ ಪೂರೈಕೆ ಬೇಕು. ಇನ್ನು, ವಯಸ್ಸಾದ ಕೆಪಾಸಿಟರುಗಳು ಒಣಗುತ್ತವೆ, ಸ್ವಿಚ್ಚುಗಳು ಕರಕರಗುಟ್ಟುತ್ತವೆ. ಛಾಯಾಚಿತ್ರದಲ್ಲಿ ಇದಾವುದೂ ಕಾಣದು. ಆದುದರಿಂದ ಯಾರೂ ಹಾಡದಿರುವಾಗ ವರ್ಧನೆಯನ್ನು ಏರಿಸಿ ಮುದ್ರಿಸಿ, ಆ ಮೌನವನ್ನು ಕೊಳ್ಳುವವರಿಗೆ ಕೇಳಿಸಿರಿ. ಅವರು ವರ್ಷಗಟ್ಟಲೆ ಉಳಿಸಿದ ಹಣ ತಂದ ತರುಣ ಗಾಯಕರಾಗಿರಬಹುದು. ದೋಷ ಹೇಳಿ ಬೆಲೆ ಇಳಿಸಿದರೆ ನಷ್ಟ ಒಮ್ಮೆ ಮಾತ್ರ. ಮುಚ್ಚಿಟ್ಟರೆ ಅದು ಅವರ ಪ್ರತಿ ಹಾಡಿನಲ್ಲಿಯೂ ಕೇಳಿಸುತ್ತಲೇ ಇರುವುದು.