ಕಾಗದ ಹಾರುತ್ತದೆ, ಕಲ್ಲೇಕೆ ಹಾರುವುದಿಲ್ಲ?



“ಅಮ್ಮೀ, ಕಾಗದ ಹಾರತೈತಿ, ಕಲ್ಲು ಯಾಕ ಹಾರಂಗಿಲ್ಲ?” “ಪತಂಗಕ್ಕ ಬಾಲ ಯಾಕ ಬೇಕು?” “ಕಿಟಕಿ ತೆಗೆದರೂ ಗಾಳಿ ಯಾಕ ಬರಂಗಿಲ್ಲ?”

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಯಾವ ಮನೆಯಲ್ಲಿ ಮಕ್ಕಳು ಇಂಥ ಪ್ರಶ್ನೆ ಕೇಳುವುದಿಲ್ಲ ಹೇಳಿ? ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಕೈಯಲ್ಲಿ ರೊಟ್ಟಿ ಹಿಟ್ಟು ಇರುತ್ತದೆ. “ಸುಮ್ಮನೆ ಕೂಡು” ಎಂದು ಗದರಿಸಿ ಮುಗಿಸಿಬಿಡುತ್ತೇವೆ. ಹುಡುಗನಾದರೆ ಮಾಳಿಗೆ ಹತ್ತಿ ಪತಂಗ ಹಾರಿಸುತ್ತಾ ತಾನೇ ಅಷ್ಟಿಷ್ಟು ತಿಳಿದುಕೊಳ್ಳುತ್ತಾನೆ. ಹುಡುಗಿಯ ಪ್ರಶ್ನೆ ಮಾತ್ರ ಕಿಟಕಿಯ ಬಳಿಯೇ ಉಳಿದುಬಿಡುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಹಾಳೆ, ಒಂದು ಕಿಟಕಿ, ಐದು ನಿಮಿಷದ ಬಿಡುವು ಸಾಕು.

ಕಾಗದ ಮತ್ತು ಕಲ್ಲು

ಗದಗ ಮುದ್ರಣಕ್ಕೆ ಹೆಸರಾದ ಊರು, ಬೆಟಗೇರಿ ನೇಕಾರಿಕೆಗೆ. ಕಾಗದಕ್ಕೆ ನಮ್ಮಲ್ಲಿ ಬರವಿಲ್ಲ. ಒಂದೇ ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. ಒಂದನ್ನು ಮುದ್ದೆ ಮಾಡಿ, ಇನ್ನೊಂದನ್ನು ಹಾಗೆಯೇ ಇಡಿ. ಎರಡನ್ನೂ ಒಟ್ಟಿಗೆ ಕೈಬಿಡಿ. ಮುದ್ದೆ ನೇರವಾಗಿ ಕೆಳಗೆ ಬೀಳುತ್ತದೆ, ಹಾಳೆ ತೇಲಾಡುತ್ತಾ ಇಳಿಯುತ್ತದೆ. ಎರಡರ ತೂಕವೂ ಒಂದೇ! ಹಾಗಾದರೆ ವ್ಯತ್ಯಾಸವೆಲ್ಲಿದೆ? ಹರಡಿದ ಹಾಳೆಯನ್ನು ಗಾಳಿ ಹೆಚ್ಚು ಜಾಗದಲ್ಲಿ ತಡೆಯುತ್ತದೆ. ಕಲ್ಲಿನ ಭಾರಕ್ಕೆ ಹೋಲಿಸಿದರೆ ಅದಕ್ಕೆ ಸಿಗುವ ಈ ತಡೆ ಏನೇನೂ ಅಲ್ಲ.

ಜೋಳ ತೂರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಪಠ್ಯಪುಸ್ತಕ ಇದನ್ನು “ಗಾಳಿಯ ರೋಧ” ಎನ್ನುತ್ತದೆ, ಅಜ್ಜಿ “ತೂರೋದು” ಎನ್ನುತ್ತಾಳೆ.

ಹಾರುವುದು ಹೇಗೆ?

ಈಗ ಎರಡು ಬೆರಳಗಲದ ಕಾಗದದ ಪಟ್ಟಿ ಕತ್ತರಿಸಿ. ಒಂದು ತುದಿಯನ್ನು ಕೆಳತುಟಿಯ ಹತ್ತಿರ ಹಿಡಿದು ಅದರ ಮೇಲ್ಭಾಗದಲ್ಲಿ ಜೋರಾಗಿ ಊದಿ. ಜೋತುಬಿದ್ದ ಪಟ್ಟಿ ಮೇಲೇಳುತ್ತದೆ. ಬಾಗಿದ ಕಾಗದವನ್ನು ಅನುಸರಿಸಿ ಹರಿಯುವ ಗಾಳಿ ಕೆಳಮುಖವಾಗಿ ತಿರುಗುತ್ತದೆ, ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಕೆಳಗಿನ ಗಾಳಿ ಕಾಗದವನ್ನು ಎತ್ತುತ್ತದೆ. ವಿಮಾನದ ರೆಕ್ಕೆ, ಹಕ್ಕಿಯ ರೆಕ್ಕೆ ಎರಡೂ ಗಾಳಿಯನ್ನು ಕೆಳಗೆ ತಳ್ಳಿಯೇ ತಾವು ಮೇಲೇರುತ್ತವೆ.

ಪತಂಗದ ಕೆಲಸವೂ ಅದೇ. ಗಾಳಿಗೆ ಓರೆಯಾಗಿ ನಿಂತು ಅದನ್ನು ಕೆಳಕ್ಕೆ ತಿರುಗಿಸುತ್ತದೆ. ದಾರ ಅದನ್ನು ಗಾಳಿಗೆ ಎದುರಾಗಿ ಹಿಡಿದು ನಿಲ್ಲಿಸುತ್ತದೆ. ಆದ್ದರಿಂದಲೇ ದಾರ ಹರಿದರೆ ಪತಂಗ ಮೇಲೇರದೆ ಹೊಯ್ದಾಡುತ್ತಾ ಬೀಳುತ್ತದೆ. ಬಾಲ ಅದನ್ನು ಗಿರಗಿರನೆ ಸುತ್ತದಂತೆ ಸ್ಥಿರವಾಗಿಡುತ್ತದೆ.

ಬಾಲದ ಮಹತ್ವಕ್ಕೆ ಒಂದು ಹಳೆಯ ಕಥೆಯೂ ಇದೆ. 9ನೇ ಶತಮಾನದಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿದ್ದ ವಿದ್ವಾಂಸ ಅಬ್ಬಾಸ್ ಇಬ್ನ್ ಫಿರ್ನಾಸ್ ಮೈಗೆ ಗರಿ ಹೊದ್ದು, ರೆಕ್ಕೆ ಕಟ್ಟಿಕೊಂಡು ಹಾರಿದರಂತೆ. ಸ್ವಲ್ಪ ದೂರ ಹಾರಿದ್ದೂ ಆಯಿತು, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು. ಹಕ್ಕಿಗಳಂತೆ ಬಾಲವನ್ನು ಮಾಡಿಕೊಳ್ಳದಿದ್ದುದೇ ಕಾರಣವೆಂದು 17ನೇ ಶತಮಾನದ ಇತಿಹಾಸಕಾರ ಅಲ್-ಮಕ್ಕರಿ ಬರೆದಿದ್ದಾರೆ. 1976ರಲ್ಲಿ ಚಂದ್ರನ ಮೇಲಿನ ಒಂದು ಕುಳಿಗೆ ಇಬ್ನ್ ಫಿರ್ನಾಸ್ ಹೆಸರಿಡಲಾಯಿತು.

ಬಾಲ, ರೆಕ್ಕೆಗಳ ಕೆಲಸವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದರೆ ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದೊಯ್ಯಿರಿ. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಈ ಜಾತಿಯ ಹಕ್ಕಿ 7,000 ಮೀಟರಿಗಿಂತಲೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಹೆಬ್ಬಾತು ನೀರಿಗಿಳಿಯುವಾಗ ಬಾಲವನ್ನು ಹೇಗೆ ಅಗಲಿಸುತ್ತದೆ, ರೆಕ್ಕೆಯನ್ನು ಹೇಗೆ ಹಿಡಿಯುತ್ತದೆ ಎಂದು ನೋಡಲು ಹೇಳಿ.

ನಮ್ಮಲ್ಲೇಕೆ ಇಷ್ಟು ಗಾಳಿ?

ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತದೆ. ಅದೇ ಮುಂಗಾರು. ಸಹ್ಯಾದ್ರಿಯಲ್ಲಿ ಮಳೆಯ ಬಹುಪಾಲನ್ನು ಸುರಿದು ನಮ್ಮ ಬಯಲಿಗೆ ಬರುವಾಗ ನೀರು ಕಡಿಮೆ, ರಭಸ ಹೆಚ್ಚು. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದು ಈ ಬಲದಿಂದ. ಅವುಗಳ ಅಲಗುಗಳ ಆಕಾರವೂ ರೆಕ್ಕೆಯದೇ. 2019ರಲ್ಲಿ ಕಪ್ಪತಗುಡ್ಡವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು.

ಕಿಟಕಿಯ ಗುಟ್ಟು

ಊರಿಗೆಲ್ಲ ಇಷ್ಟು ಗಾಳಿ ಬೀಸುವಾಗ ನಮ್ಮ ಅಡುಗೆಮನೆಯಲ್ಲಿ ಮಾತ್ರ ಉಸಿರು ಕಟ್ಟುವುದೇಕೆ? ಕಾಗದದ ಪಟ್ಟಿಯನ್ನು ಕಿಟಕಿಯ ಬಳಿ ಹಿಡಿಯಿರಿ. ಬಾಗಿಲು ಮುಚ್ಚಿದ್ದಾಗ ಅದು ಅಲುಗುವುದೇ ಅಪರೂಪ. ಎದುರಿನ ಬಾಗಿಲನ್ನೋ ಕಿಟಕಿಯನ್ನೋ ತೆಗೆದು ಮತ್ತೆ ನೋಡಿ, ಪಟ್ಟಿ ಹಾರಾಡುತ್ತದೆ. ಗಾಳಿಗೆ ಒಳಬರುವ ದಾರಿಯಷ್ಟೇ ಸಾಲದು, ಹೊರಹೋಗುವ ದಾರಿಯೂ ಬೇಕು.

ಹಿರಿಯರು ಇದನ್ನು ಬಲ್ಲವರಾಗಿದ್ದರು. ಮಣ್ಣಿನ ಮಾಳಿಗೆ ಮನೆಗಳಲ್ಲಿ ಅಡುಗೆಮನೆಯ ಮೇಲೆ ಬೆಳಕಿಂಡಿ ಇರುತ್ತಿತ್ತು. ಬಿಸಿ ಹೊಗೆ ಮೇಲೇರಿ ಅಲ್ಲಿಂದ ಹೊರಹೋಗುತ್ತಿತ್ತು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನಲ್ಲಿ ಅರಬ್ಬೀ ಅಕ್ಷರಗಳನ್ನೇ ಕೊರೆದು ಕಿಟಕಿ ಮಾಡಿದ್ದಾರೆ. ಅಕ್ಷರಗಳ ನಡುವಿನಿಂದ ಗಾಳಿ, ಬೆಳಕು ಎರಡೂ ಒಳಬರುತ್ತವೆ, ಮರೆಯೂ ಉಳಿಯುತ್ತದೆ. ಇಂದು ಆರ್‌ಸಿಸಿ ಮನೆ ಕಟ್ಟಿಸುವಾಗ ಅಂಗಳದ ಬಣ್ಣಕ್ಕೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅಡುಗೆಮನೆಯ ಕಿಟಕಿ ಎಲ್ಲಿರಬೇಕೆಂದು ಅಲ್ಲಿ ಜೀವನ ಸವೆಸುವವಳನ್ನು ಯಾರೂ ಕೇಳುವುದಿಲ್ಲ.

ಇದು ಸಣ್ಣ ಮಾತಲ್ಲ. ಕಟ್ಟಿಗೆ, ಸಗಣಿ, ಇದ್ದಿಲು ಮುಂತಾದವುಗಳ ಹೊಗೆ ಮನೆಯೊಳಗೆ ತುಂಬಿ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಸಾಧ್ಯವಾದರೆ ಗ್ಯಾಸ್ ಬಳಸಿ. ನೀರು ಕಾಯಿಸಲು ಒಲೆ ಉರಿಸಲೇಬೇಕಾದರೆ ಅದು ಹೊರಗಿರಲಿ. ಮನೆ ಕಟ್ಟಿಸುತ್ತಿದ್ದರೆ ಒಲೆಯ ಮೇಲ್ಗಡೆ ಹೊಗೆ ಹೋಗುವ ಕಿಂಡಿಯನ್ನು ಕೇಳಿ ಮಾಡಿಸಿಕೊಳ್ಳಿ.

ಒಂದು ಎಚ್ಚರಿಕೆ

ಪತಂಗ ಹಾರಿಸುವ ಮಕ್ಕಳ ಕೈಯಲ್ಲಿ ಯಾವ ದಾರವಿದೆ ಎಂದು ನೋಡಿ. ನೈಲಾನ್ ಮಾಂಜಾ ಹಕ್ಕಿಯ ರೆಕ್ಕೆಯನ್ನೂ ಬೈಕ್ ಸವಾರನ ಕುತ್ತಿಗೆಯನ್ನೂ ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಅದನ್ನು ನಿಷೇಧಿಸಿದೆ. ಬರೀ ಹತ್ತಿಯ ದಾರ ಸಾಕು. ಗೋಡೆಯಿಲ್ಲದ ಮಾಳಿಗೆಯ ಅಂಚು, ವಿದ್ಯುತ್ ತಂತಿ ಇವೆರಡರಿಂದ ಮಕ್ಕಳು ದೂರವಿರಲಿ.

ಸಹೋದರಿಯರೇ, ಎಲ್ಲ ಪ್ರಶ್ನೆಗೂ ನಮಗೆ ಉತ್ತರ ಗೊತ್ತಿರಬೇಕೆಂದೇನಿಲ್ಲ. “ಬಾ, ಮಾಡಿ ನೋಡೋಣ” ಎಂದರೆ ಸಾಕು. ಇಂದು ಸಂಜೆ ಮಗಳ ಕೈಗೆ ಒಂದು ಕಾಗದದ ಪಟ್ಟಿ ಕೊಡಿ. ಮನೆಯ ಯಾವ ಕಿಟಕಿಯಿಂದ ಗಾಳಿ ಬರುತ್ತದೆ, ಯಾವುದರಿಂದ ಹೋಗುತ್ತದೆ ಎಂದು ಅವಳೇ ಕಂಡುಹಿಡಿದು ನಿಮಗೆ ಹೇಳಲಿ.